ಕೆಂಪು ಕಪ್ಪೆ ಸಾಕುವ ಮುಂಚೆ

ಸಾರಾಪಿಕಿ, ಕೋಸ್ಟರಿಕ
ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು. ನಾನಿಲ್ಲಿ ಕ್ಷೇಮ. ಅಪ್ಪ ಅಮ್ಮನಿಗೂ ಕಾಗದ ಓದಿ ಹೇಳು.

ಫೋಟೊ ನೋಡಿ ಸಾಕಬೇಕು ಅಂತ ನೀನು ಕೇಳಿದ ಕಪ್ಪೆ ಊಫಗ ಪುಮಿಲಿಯೊ, ‘ವಿಷಬಾಣದ ಕಪ್ಪೆ’ ಅನ್ನುವ ಗುಂಪಿನದು. ಮೈ ಕೆಂಪು, ಕಾಲು ನೀಲಿ, ಅದಕ್ಕೇ ಇದನ್ನು ‘ಬ್ಲೂ ಜೀನ್ಸ್’ ಅಂತಾರೆ. ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ನಿಕರಾಗುವದಿಂದ ಪನಾಮದವರೆಗೆ, ಕೆರಿಬಿಯನ್ ಕಡೆಯ ತಗ್ಗಿನ ಮಳೆಕಾಡುಗಳಲ್ಲಿ ಸಿಗುತ್ತದೆ. ಪನಾಮದ ಬೋಕಾಸ್ ದೆಲ್ ತೋರೊ ದ್ವೀಪಗಳಲ್ಲಿ ಇದೇ ಜಾತಿ ಒಂದು ಕಡೆ ಹಸಿರು, ಇನ್ನೊಂದು ಕಡೆ ಕಿತ್ತಳೆ. ಹೆಸರಿನಲ್ಲಿ ಬಾಣವಿದ್ದರೂ ಇದರ ವಿಷ ಬಾಣಕ್ಕೆ ಹೋದದ್ದಲ್ಲ. ಕೊಲಂಬಿಯದ ಆದಿವಾಸಿಗಳು ಬಾಣಕ್ಕೆ ಸವರುತ್ತಿದ್ದದ್ದು ಫಿಲೊಬೇಟಿಸ್ ಕುಲದ ಕಪ್ಪೆಗಳ ವಿಷವನ್ನು.

ಈ ವಿಷ ಕಪ್ಪೆ ತಾನೇ ತಯಾರಿಸಿದ್ದೂ ಅಲ್ಲ. ತರಗೆಲೆಯಲ್ಲಿ ಸಿಗುವ ನುಸಿ, ಇರುವೆ ತಿಂದು ಅವುಗಳ ವಿಷವನ್ನು ಚರ್ಮದ ಗ್ರಂಥಿಗಳಲ್ಲಿ ಕೂಡಿಡುತ್ತದೆ. ಗಾಜಿನ ಪೆಟ್ಟಿಗೆಯಲ್ಲೇ ಹುಟ್ಟಿ ಹಣ್ಣಿನ ನೊಣ ತಿಂದು ಬೆಳೆದದ್ದಕ್ಕೆ ವಿಷವಿರುವುದಿಲ್ಲ. ಕಾಡಿನಿಂದ ಹಿಡಿದದ್ದರಲ್ಲಿ ಬಹುಕಾಲ ಉಳಿದಿರುತ್ತದೆ.

ಸಾಕುವವರು ಎಡವುವುದು ವಿಷದಲ್ಲಲ್ಲ, ಮರಿಯಲ್ಲಿ. ಹೆಣ್ಣು ನೆಲದ ಎಲೆಯ ಮೇಲೆ ನಾಲ್ಕೈದು ಮೊಟ್ಟೆಯಿಡುತ್ತದೆ. ಒಣಗದಂತೆ ಗಂಡು ಬಂದು ಉಚ್ಚೆ ಹೊಯ್ದು ತೇವ ಮಾಡುತ್ತದೆ. ವಾರ ಹತ್ತು ದಿನಕ್ಕೆ ಗೊದಮೊಟ್ಟೆ ಹೊರಬಂದಾಗ ತಾಯಿ ಬಂದು ಕೂರುತ್ತದೆ, ಗೊದಮೊಟ್ಟೆ ಹೊರಳಾಡಿ ಅದರ ಬೆನ್ನೇರುತ್ತದೆ. ಅದನ್ನು ಹೊತ್ತುಕೊಂಡು ಹೋಗಿ ಅನಾನಸ್ ಬಳಗದ ಬ್ರೊಮೀಲಿಯಾಡ್ ಗಿಡದ ಎಲೆಸಂದಿಯ ನೀರಿಗೆ ಬಿಡುತ್ತದೆ, ಸಂದಿಗೊಂದರಂತೆ. ಎರಡಿದ್ದರೆ ಒಂದನ್ನೊಂದು ತಿನ್ನುತ್ತವೆ. ಆಮೇಲೆ ಕೆಲವು ದಿನಕ್ಕೊಮ್ಮೆ ಬಂದು ಹಿಂಬದಿಯನ್ನು ನೀರಿಗಿಳಿಸುತ್ತದೆ. ಗೊದಮೊಟ್ಟೆ ಮೈ ಸೆಟೆಸಿ, ತಾಯಿಗೆ ತಾಗಿಕೊಂಡು ಗಡಗಡ ನಡುಗುತ್ತದೆ. ಆ ನಡುಕ ತಾಕಿದರೆ ತಾಯಿ ಗರ್ಭ ಕಟ್ಟದ ಮೊಟ್ಟೆಗಳನ್ನು ಅಲ್ಲೇ ಇಡುತ್ತದೆ. ಒಂದೂವರೆ ಎರಡು ತಿಂಗಳು ಮರಿಗೆ ಇದೇ ಊಟ. ತಾಯಿಯ ವಿಷವೂ ಇದೇ ಮೊಟ್ಟೆಯಿಂದ ಮರಿಗೆ ದಾಟುತ್ತದೆ.

ಹಾಗಾಗಿ ಗೊದಮೊಟ್ಟೆಯನ್ನು ಲೋಟಕ್ಕೆ ತೆಗೆದು ಮೀನಿನ ಆಹಾರ ಹಾಕುವ ಆಟ ಇದರ ಹತ್ತಿರ ನಡೆಯಲ್ಲ. ಜೋಡಿಯನ್ನು ಕದಲಿಸದೆ ಬಿಡಬೇಕು. 45 ಸೆಂಟಿಮೀಟರ್ ಅಗಲ, ಅಷ್ಟೇ ಉದ್ದ, 60 ಎತ್ತರದ ಪೆಟ್ಟಿಗೆ ಒಂದು ಜೋಡಿಗೆ. ಎರಡು ಗಂಡು ಬಿಟ್ಟರೆ ಕುಸ್ತಿ ನಿಲ್ಲದು, ಸೋತದ್ದು ಮೇವು ಬಿಟ್ಟು ಸೊರಗುತ್ತದೆ. ತಳದಲ್ಲಿ 5 ಸೆಂಟಿಮೀಟರ್ ಸುಟ್ಟ ಜೇಡಿಮಣ್ಣಿನ ಗುಂಡು, ಮೇಲೆ ಬಲೆ, ಆಮೇಲೆ ತೊಗಟೆ ಚೂರು ಮತ್ತು ಪಾಚಿಯ ಮಿಶ್ರಣ, ಎಲ್ಲದರ ಮೇಲೆ ದಪ್ಪಗೆ ತರಗೆಲೆ. ಮಿಶ್ರಣ ತಳದ ನೀರಿಗೆ ತಾಗಬಾರದು. ತಾಗಿದರೆ ಹುಳಿತು ನಾರುತ್ತದೆ, ಅದರಲ್ಲಿರುವ, ಮರಿಗಳಿಗೆ ಮೇವಾಗುವ ಸ್ಪ್ರಿಂಗ್‌ಟೇಲ್ ಅನ್ನುವ ಪುಟ್ಟ ಹುಳುಗಳು ಸಾಯುತ್ತವೆ. ಬ್ರೊಮೀಲಿಯಾಡ್ ನಾಲ್ಕೈದಾದರೂ ಬೇಕು. ಹಳೇ ಫಿಲ್ಮ್ ರೋಲಿನ ಡಬ್ಬಿಯನ್ನು ಓರೆಯಾಗಿ ಅಂಟಿಸಿದರೂ ಗೊದಮೊಟ್ಟೆ ಬಿಡಲು ಕಪ್ಪೆಗಳು ಒಪ್ಪಿಕೊಳ್ಳುತ್ತವೆ, ಅದು ನನಗೆ ಇಂದಿಗೂ ತಮಾಷೆ.

ಶಾಖ 22ರಿಂದ 26 ಡಿಗ್ರಿ. 30 ದಾಟಿದರೆ ಕಪ್ಪೆ ಕಣ್ಣೆದುರೇ ಹೋಗುತ್ತದೆ, ತಂಪು ಹೆಚ್ಚಾದದ್ದಕ್ಕೆ ಅಷ್ಟು ಬೇಗ ಏನೂ ಆಗಲ್ಲ. ದಿನಕ್ಕೆರಡು ಸಲ ಕ್ಲೋರಿನ್ ಇಲ್ಲದ ನೀರು ಸಿಂಪಡಿಸಬೇಕು. ಹಾಗಂತ ಮುಚ್ಚಳ ಪೂರ್ತಿ ಬಿಗಿಯಬೇಡ, ಒಂದು ಪಟ್ಟಿಯಷ್ಟು ಸಣ್ಣ ಜಾಲರಿಯಿರಲಿ.

ಮೇವಿಗೆ ರೆಕ್ಕೆಯಿಲ್ಲದ ಸಣ್ಣ ಹಣ್ಣಿನ ನೊಣ, ಮೆಲನೊಗ್ಯಾಸ್ಟರ್ ಜಾತಿಯದ್ದು. ಪ್ರತಿಸಲ ಲೋಟದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಪುಡಿಯ ಜೊತೆ ಅಲ್ಲಾಡಿಸಿ ಬಿಳಿ ಹಿಡಿಸಿಯೇ ಬಿಡಬೇಕು. ಇಲ್ಲದಿದ್ದರೆ ಮೂಳೆ ಮೆತ್ತಗಾಗುತ್ತದೆ. ಆಗಾಗ ವಿಟಮಿನ್ ಎ ಕೂಡ. ನೊಣದ ಡಬ್ಬಿಯನ್ನು ವಾರಕ್ಕೊಂದು ಹೊಸದಾಗಿ ಹೂಡು. ಹೊಸ ಪೀಳಿಗೆ ಬರಲು ಎರಡು ವಾರ ಹಿಡಿಯುವುದರಿಂದ, ಈ ವಾರ ಸೋಮಾರಿಯಾದರೆ ಖಾಲಿ ಡಬ್ಬಿ ಕಾಣುವುದು ಎರಡು ವಾರದ ಮೇಲೆ.

ಹೊಸದಾಗಿ ಕಾಲು ಬಂದ ಮರಿಗಳು ಒಂದು ಸೆಂಟಿಮೀಟರ್ ಸುಮಾರು. ಅವಕ್ಕೆ ಈ ನೊಣವೂ ದೊಡ್ಡ ತುತ್ತು. ಎಷ್ಟೋ ಮರಿಗಳು ಸಾಯುವುದು ರೋಗದಿಂದಲ್ಲ, ಹೊಟ್ಟೆಗಿಲ್ಲದೆ. ಕಪ್ಪೆ ತರುವ ಎರಡು ತಿಂಗಳು ಮೊದಲೇ ಸ್ಪ್ರಿಂಗ್‌ಟೇಲ್ ಹೆಚ್ಚಿಸಿಟ್ಟುಕೊಂಡವರಿಗೆ ಮಾತ್ರ ಮರಿ ದಕ್ಕುತ್ತದೆ.

ಮೊದಲ ಸಲಕ್ಕೆ ಇದು ಬೇಡ ಅಂತಲೇ ನನ್ನ ಮಾತು. ಹಸಿರು ಕಪ್ಪು ಪಟ್ಟೆಯ ಡೆಂಡ್ರೊಬೇಟಿಸ್ ಆರೇಟಸ್ ಆದರೆ ಗಾತ್ರವೂ ದೊಡ್ಡದು, ಅದರ ಗೊದಮೊಟ್ಟೆ ಲೋಟದಲ್ಲೇ ಮೀನಿನ ಆಹಾರ ತಿಂದು ಬೆಳೆಯುತ್ತದೆ. ಯಾವುದೇ ಆಗಲಿ, ಸಾಕಿದವರ ಮನೆಯಲ್ಲಿ ಹುಟ್ಟಿದ್ದನ್ನೇ ಕೇಳು. 1987ರಿಂದ ಇವು ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಕಾಗದಪತ್ರವಿಲ್ಲದೆ ಗಡಿ ದಾಟುವಂತಿಲ್ಲ. ಬಂದದ್ದನ್ನು ಬೇರೆ ಡಬ್ಬಿಯಲ್ಲಿಟ್ಟು, ಚರ್ಮದಿಂದ ಹತ್ತಿಯಲ್ಲಿ ಒರೆಸಿ ತೆಗೆದದ್ದನ್ನು ಕಪ್ಪೆಗಳ ಚರ್ಮಕ್ಕೆ ಹತ್ತಿ ಕೊಲ್ಲುವ ಕೈಟ್ರಿಡ್ ಶಿಲೀಂಧ್ರದ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದ ಮೇಲೆಯೇ ಪೆಟ್ಟಿಗೆಗೆ ಬಿಡು.

ಪೆಟ್ಟಿಗೆಯ ಅಳತೆ ಹಾಕಿ ಒಂದು ಚಿತ್ರ ಬರೆದು ಕಳಿಸು, ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ಅಕ್ಕ