ಹೊಲದ ಸಾಲು, ಕವಿತಾದ ಸಾಲು

ನವಲಗುಂದ

ಚಿ. ಸುಧಾಗ ನಿಮ್ಮ ಕಾಕಾನ ಆಶೀರ್ವಾದ.

ಇಂಗ್ಲಿಷ್ ಕವಿತಾ ಓದಾಕ ಕುಂತ್ರ ಸಾಲಿಗೆ ನಾಕು ಸರ್ತಿ ಫೋನ್ ನೋಡಬೇಕಾಗ್ತೈತಿ, ಬ್ಯಾಸರಾಗೇತಿ ಅಂತ ಬರದಿದ್ದಿ. ನೋಡವಾ, ತಪ್ಪೇನಿಲ್ಲ. ಆದ್ರ ಅರ್ಥ ಸಿಕ್ಕ ಕೂಡ್ಲೆ ಮುಚ್ಚಿ ಇಡಬ್ಯಾಡ. ಆ ಶಬ್ದ ಎಲ್ಲಿಂದ ಬಂತು ಅಂತ ಕೆಳಗ ಸಣ್ಣಗ ಬರದಿರ್ತಾರ, ಅದನ್ನೂ ಓದು.

'ವರ್ಸ್' ತಗೋ, ಅಂದ್ರ ಕವಿತಾದ ಸಾಲು. ಲ್ಯಾಟಿನ್ನಿನ 'ವರ್ಸುಸ್' ಅದರ ತವರು. ಅಂದ್ರ ತಿರುವು, ರಂಟಿ ಹೊಡದ ಸಾಲಿಗೂ ಅದ ಹೆಸರು. ನಮ್ಮಲ್ಲೂ ಹೊಲದಾಗಿನದೂ ಸಾಲು, ಪುಸ್ತಕದಾಗಿನದೂ ಸಾಲು. (ಸೊಸೈಟಿ ಸಾಲದ ಸುದ್ದಿ ಈಗ ಬ್ಯಾಡ.) ನಿಮ್ಮಜ್ಜಗ ಅಕ್ಷರ ಬರ್ತಿದ್ದಿಲ್ಲ. ಎರಿ ಹೊಲದಾಗ ಅಂವ ಹೊಡದ ಸಾಲು ಮಾತ್ರ ದಾರ ಹಿಡದಂಗ ಇರ್ತಿತ್ತು. ಬದುವಿನ ತನಕ ಬಂದು, ಎತ್ತಿನ ಬೆನ್ನ ಮ್ಯಾಲ ಕೈಯಾಡಿಸಿ, ಅವು ಉಸಿರು ಬಿಟ್ಟ ಮ್ಯಾಲ ತಿರುಗಸ್ತಿದ್ದ. ಕವಿತಾದಾಗ ಸಾಲು ಮುರಿಯೋ ಕಡೆ ನಾ ಈಗಲೂ ಹಂಗ ಓದ್ತೀನಿ.

'ಡೇಸಿ' ಅಂದ್ರ ಹಗಲಿನ ಕಣ್ಣು. ಆ ಹೂವು ರಾತ್ರಿ ಮುಚ್ಚಿ ಮುಂಜಾನೆ ತೆರೀತೈತಿ. 'ವಿಂಡೋ' ಉತ್ತರ ಯುರೋಪಿನ ಹಳೇ ನಾರ್ಸ್ ಭಾಷಾದಾಗ ಗಾಳಿಗಣ್ಣು. ನಮ್ಮ ಅಡಗಿಮನಿ ಬೆಳಕಿಂಡಿ ನೆನಪಾತೋ ಇಲ್ಲೋ?

ಆದ್ರ ಬರೇ ಬೇರು ಹಿಡಕೊಂಡು ಹೊಂಟರೂ ಎಡವತಿ. ಇಂಗ್ಲಿಷ್ ಕವಿ ಮಿಲ್ಟನ್ 1629ರಾಗ ಕ್ರಿಸ್ತ ಹುಟ್ಟಿದ ಮುಂಜಾನೆ ಮ್ಯಾಲ ಬರದ ಕವಿತಾದಾಗ ಕುರಿ ಕಾಯಾವರ 'ಸಿಲ್ಲಿ' ವಿಚಾರ ಅಂತ ಬರ್ತೈತಿ. ಬಿ.ಎ. ಓದುವಾಗ ನಾ ಅದನ್ನ 'ಹುಚ್ಚು ವಿಚಾರ' ಅಂತ ಬರದಿದ್ದೆ. ಮಾಸ್ತರು ಕೆಂಪು ಮಸೀಲೆ ಗೆರಿ ಎಳದ್ರು. ಆ ಶಬ್ದ ಮೊದಲ ಪುಣ್ಯವಂತ ಅಂತಿತ್ತು, ಆಮ್ಯಾಲ ಬಡಪಾಯಿ, ಸಾದಾ ಮನಷ್ಯಾ, ಕಡೀಕ ದಡ್ಡ. ಮಿಲ್ಟನ್ನನ ಕುರುಬರು ಆ ದಾರಿ ನಡುವ ನಿಂತಾರ. ನಮ್ಮ 'ಮುಗ್ಧ' ಉಲ್ಟಾ ನಡದೈತಿ: 'ಮೋಹ' ಹುಟ್ಟಿದ ಬೇರಿನಿಂದನ ಹುಟ್ಟಿದ್ದು, ಸಂಸ್ಕೃತದಾಗ ದಿಕ್ಕು ತಪ್ಪಿದಾಂವ, ದಡ್ಡ ಅಂತನೂ ಆಗ್ತಿತ್ತು, ಈಗ ಕೂಸಿನ ನಗೀಗೆ ಅಂತೀವಿ. ಅದಕ್ಕ ಕವಿತಾ ಬರದ ಇಸ್ವಿ ಹಾಳಿ ಮ್ಯಾಲ ಮೊದಲ ಬರಕೋ, ಆಮ್ಯಾಲ ನಿಘಂಟು ತಗಿ.

ದೀಪಾವಳಿಗೆ ಬಂದಾಗ ಕಪಾಟಿನಾಗಿನ ಕಿಟೆಲ್ ನಿಘಂಟು ಒಯ್ಯಿ. 1894ರಾಗ ಮೊದಲ ಬಂದದ್ದು, ಕನ್ನಡ ಶಬ್ದಕ್ಕ ಇಂಗ್ಲಿಷ್ ಅರ್ಥ. ರಟ್ಟು ಕಿತ್ತೈತಿ, ನಿಮ್ಮ ಕಾಕು ಹಳೇ ಇಳಕಲ್ ಸೀರಿ ತುಂಡಿನಾಗ ಸುತ್ತಿ ಇಟ್ಟಾಳ. ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊ, ಮ್ಯಾಲಿನ ಕಟ್ಟಿಗೆ ಒಗೀಬ್ಯಾಡ.

ನಿಮ್ಮ ಕಾಕಾ