ನೀರು ಹಾಕುವ ಮೊದಲೇ ಕೊಳೆತಿದ್ದ ಬೇರು: ಪುಟ್ಟ ಆರ್ಕಿಡ್ ಸಸಿಗಳ ಬಗ್ಗೆ ದೂರು

ಇಂದ,
ನಿಮ್ಮ ಗ್ರಾಹಕಿ,
ವಿಜಯನಗರ, ಬೆಂಗಳೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಸಸಿ ಮಾರಾಟ ವಿಭಾಗ

ದಿನಾಂಕ: ಮಾರ್ಚ್ 14

ವಿಷಯ: ಫೆಬ್ರವರಿ 24ರಂದು ತರಿಸಿದ ಐದು ಪುಟ್ಟ ಆರ್ಕಿಡ್ ಸಸಿಗಳಲ್ಲಿ ನಾಲ್ಕು ಕೊಳೆತು ಅಥವಾ ಹೇಳಿದ್ದಕ್ಕಿಂತ ಬೇರೆಯಾಗಿ ಬಂದಿರುವುದು, ₹2,320 ವಾಪಸ್ ಕೋರಿ.

ಮಾನ್ಯರೇ,

ನಿಮ್ಮ ಚಾಟ್‌ನಲ್ಲಿ ಮೂರು ಸಲ, ಫೋನಿನಲ್ಲಿ ಎರಡು ಸಲ ಹೇಳಿ ಸಾಕಾಗಿ, ಈಗ ಬರೆದು ಕಳಿಸುತ್ತಿದ್ದೇನೆ. ಆರ್ಡರ್ ಸಂಖ್ಯೆ, ಬಿಲ್ಲು, 17 ಫೋಟೋ ಇದೇ ಮೇಲ್‌ಗೆ ಲಗತ್ತಿಸಿದ್ದೇನೆ. ದಯವಿಟ್ಟು ಈ ಸಲ ಯಾರಾದರೂ ಮನುಷ್ಯರು ಓದಿ.

ನಾನು ತರಿಸಿದ್ದು ಇಷ್ಟು: ಮಿನಿ ಫೆಲನಾಪ್ಸಿಸ್ ಮೂರು, ತಲಾ ₹520. ಆನ್ಸಿಡಿಯಂ ಟ್ವಿಂಕಲ್ ಒಂದು, ₹450. ಡೆಂಡ್ರೋಬಿಯಂ ಲಿಂಡ್ಲೆಯಿ ಒಂದು, ₹650. ಸಾಗಣೆ ₹180 ಸೇರಿ ₹2,840. ಎಲ್ಲದರ ಮುಂದೆಯೂ ‘ಹೂ ಬಿಡುವ ಗಾತ್ರ, ಮೂರು ದಿನದಲ್ಲಿ ಮನೆ ಬಾಗಿಲಿಗೆ’ ಎಂದು ಬರೆದಿದ್ದಿರಿ. ಫೆಬ್ರವರಿ 27ಕ್ಕೆ ಹೊರಟ ಡಬ್ಬಿ ಮಾರ್ಚ್ 5ರ ರಾತ್ರಿ ಏಳೂ ಮುಕ್ಕಾಲಿಗೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಕೈ ಸೇರಿತು. ನಡುವೆ ಪೂರಾ ಮೂರು ದಿನ ಅದು ಬೆಂಗಳೂರಿನದೇ ಕೊರಿಯರ್ ಗೋಡೌನಿನಲ್ಲಿ ಕೂತಿತ್ತು ಎಂದು ನಿಮ್ಮ ಟ್ರ್ಯಾಕಿಂಗೇ ಹೇಳುತ್ತದೆ. ಆ ವಾರದ ಬಿಸಿಲು ಹೇಗಿತ್ತು ಅಂತ ಊರಿಗೆಲ್ಲ ಗೊತ್ತು. ತಗಡಿನ ಚಾವಣಿಯ ಗೋಡೌನಿನೊಳಗೆ ಹೇಗಿದ್ದೀತು, ನೀವೇ ಲೆಕ್ಕ ಹಾಕಿ.

ನಾನು ಅವತ್ತು ತುಮಕೂರಿನಲ್ಲಿ ನಮ್ಮ ನಾದಿನಿಯ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಮನೆಗೆ ಬಂದಾಗ ರಾತ್ರಿ ಹನ್ನೊಂದಾಗಿತ್ತು. ಬೆಳಿಗ್ಗೆ ಎದ್ದು ಕಾಫಿ ಕುಡಿದು ಡಬ್ಬಿ ಬಿಚ್ಚಿದೆ. ಟೇಪ್ ಕತ್ತರಿಸಿದ ಕೂಡಲೇ ವಾಸನೆ ಬಂತು. ಶುಕ್ರವಾರ ಆಫೀಸಿಗೆ ಒಯ್ದ ಟಿಫಿನ್ ಡಬ್ಬಿಯನ್ನು ಬ್ಯಾಗಿನಲ್ಲೇ ಮರೆತು ಸೋಮವಾರ ತೆಗೆದರೆ ಬರುತ್ತದಲ್ಲ, ಆ ವಾಸನೆ. ಒಳಗೆ ಒದ್ದೆ ನ್ಯೂಸ್ ಪೇಪರು, ಅದರ ಮೇಲೆ ಪ್ಲಾಸ್ಟಿಕ್ ಕವರು, ಕವರಿನ ಬಾಯಿಗೆ ರಬ್ಬರ್ ಬ್ಯಾಂಡು. ಡಬ್ಬಿಗೆ ಗಾಳಿಯಾಡಲು ಒಂದು ತೂತೂ ಇಲ್ಲ.

ಒಂಬತ್ತೂ ಕಾಲಿಗೆ ಫೋಟೋ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಪ್ರಿಯ ಗ್ರಾಹಕರೇ, ಹೆಚ್ಚು ನೀರು ಹಾಕಿದ್ದರಿಂದ ಬೇರು ಕೊಳೆತಿದೆ. ನೀರು ಕಡಿಮೆ ಮಾಡಿ.’ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಡಬ್ಬಿ ಬಿಚ್ಚಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಒಂದು ಹನಿ ನೀರು ನಾನು ಮುಟ್ಟಿಸಿರಲಿಲ್ಲ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಆ ಒಂದು ಸಾಲು. ದುಡ್ಡು ಹೋದರೆ ಹೋಗಲಿ ಅನ್ನಬಹುದಿತ್ತು. ತಪ್ಪು ನನ್ನ ತಲೆಗೆ ಕಟ್ಟಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಆರ್ಕಿಡ್ ಬೇರು ಸುಳ್ಳು ಹೇಳುವುದಿಲ್ಲ. ಮರದ ಮೇಲೆ ಬೆಳೆಯುವ ಜಾತಿಗಳ ಬೇರಿನ ಸುತ್ತ ವೆಲಮೆನ್ ಎಂಬ ಸ್ಪಂಜಿನಂಥ ಹೊದಿಕೆ ಇರುತ್ತದೆ. ಒಣಗಿದಾಗ ಬೂದು ಬೆಳ್ಳಿ ಬಣ್ಣ, ನೀರು ಬಿದ್ದ ನಿಮಿಷದಲ್ಲಿ ಹಸಿರು. ಬದುಕಿರುವ ಬೇರು ಒತ್ತಿದರೆ ಗಟ್ಟಿಯಾಗಿರುತ್ತದೆ. ನಿಮ್ಮ ಫೆಲನಾಪ್ಸಿಸ್ ಸಸಿಯ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಹೊರಗಿನ ಹೊದಿಕೆ ಒದ್ದೆ ಕಾಲುಚೀಲದ ಹಾಗೆ ಜಾರಿ ಕೈಗೆ ಬಂತು, ಒಳಗೆ ಕಂದು ದಾರದಂಥ ಎಳೆ ಒಂದೇ ಉಳಿಯಿತು. ಮೊದಲ ಸಸಿಯಲ್ಲಿ ಏಳು ಬೇರು, ಏಳೂ ಹೀಗೆಯೇ. ಎರಡನೆಯದರಲ್ಲಿ ಐದು, ಐದೂ ಹೀಗೆಯೇ. ಇಂಥ ಕೊಳೆತ ಅರ್ಧ ಗಂಟೆಯಲ್ಲಿ ಆಗುವುದಲ್ಲ, ಒಂದು ರಾತ್ರಿಯಲ್ಲೂ ಆಗುವುದಲ್ಲ. ಫೋಟೋ 4ರಿಂದ 9 ನೋಡಿ.

ಫೋಟೋ 10 ಇನ್ನೂ ಮುಖ್ಯ. ಕೊಳೆತದ್ದನ್ನೆಲ್ಲ ಬಿಡಿಸಿದಾಗ ಬುಡದ ನಟ್ಟನಡುವೆ ಹೆಬ್ಬೆರಳು ಗಾತ್ರದ ಸ್ಪಂಜಿನ ಉಂಡೆ ಸಿಕ್ಕಿತು, ಸುತ್ತ ಪ್ಲಾಸ್ಟಿಕ್ ಬಲೆ. ಟಿಶ್ಯೂ ಕಲ್ಚರ್ (ಪ್ರಯೋಗಾಲಯದಲ್ಲಿ ಸಸಿ ಬೆಳೆಸುವ ವಿಧಾನ) ಬಾಟಲಿಯಿಂದ ತೆಗೆದ ಎಳೆ ಸಸಿಯನ್ನು ಮೊದಮೊದಲು ನೆಡುವ ಪ್ಲಗ್ಗು ಅದು. ಸಸಿ ದೊಡ್ಡದಾದ ಮೇಲೆ ಕುಂಡ ಬದಲಿಸುವಾಗ ಅದನ್ನು ತೆಗೆಯಬೇಕು. ನೀವು ತೆಗೆಯದೆ ಮೇಲೆ ನಾಲ್ಕು ಇದ್ದಿಲ ಚೂರು ಉದುರಿಸಿ ಮುಚ್ಚಿದ್ದೀರಿ. ಹೊರಗಿನ ಇದ್ದಿಲು ಒಣಗಿ ಗರಿಗರಿ ಅನ್ನುತ್ತಿದ್ದರೂ ಒಳಗಿನ ಸ್ಪಂಜು ಹಿಂಡಿದರೆ ನೀರು ತೊಟ್ಟಿಕ್ಕುತ್ತಿತ್ತು. ಹೊಸದಾಗಿ ಸಾಕುವವರು ಯಾರೇ ಆಗಲಿ ಮೇಲೆ ಮುಟ್ಟಿ ನೋಡಿ, ಒಣಗಿದೆ ಅಂದುಕೊಂಡು ನೀರು ಹಾಕುತ್ತಾರೆ, ಸಸಿ ಸತ್ತರೆ ‘ನನ್ನ ಕೈಗುಣವೇ ಸರಿಯಿಲ್ಲ’ ಎಂದು ಸುಮ್ಮನಾಗುತ್ತಾರೆ. ನಿಮಗೆ ಬರಬೇಕಾದ ದೂರುಗಳಲ್ಲಿ ಎಷ್ಟೋ ಹೀಗೇ ಕೈಗುಣದ ಖಾತೆಗೆ ಹೋಗಿರಬಹುದು ಅಂತ ನನ್ನ ಅನುಮಾನ.

ಎರಡನೇ ಸಲ ಕೇಳಿದಾಗ ನಿಮ್ಮವರು ಕೊಟ್ಟ ಕಾರಣ ಬೇರೆ: ಬೆಂಗಳೂರಿನ ಹವೆ, ನೀರು ಈ ಗಿಡಕ್ಕೆ ಆಗಿಬರುವುದಿಲ್ಲವಂತೆ. ಆಗಿಬರದಿದ್ದರೆ ನಮ್ಮ ಪಿನ್‌ಕೋಡ್ ಹಾಕಿದಾಗ ‘ಲಭ್ಯವಿದೆ’ ಅಂತ ಹಸಿರು ಗುರುತು ತೋರಿಸಿದ್ದೇಕೆ? ಲಾಲ್‌ಬಾಗ್ ಫ್ಲವರ್ ಶೋದಲ್ಲಿ ಕೊಂಡ ಒಂದು ಫೆಲನಾಪ್ಸಿಸ್‌ನಿಂದ ಶುರುಮಾಡಿ 11 ವರ್ಷದಿಂದ ಸಾಕುತ್ತಿದ್ದೇನೆ. ಮೂರನೇ ಮಹಡಿ, ಪೂರ್ವದ ಬಾಲ್ಕನಿ, ಬೆಳಗಿನ ಎಳೆ ಬಿಸಿಲು ಬಿಟ್ಟರೆ ಮಿಕ್ಕದ್ದೆಲ್ಲ ಶೇಡ್ ನೆಟ್ಟಿನ ನೆರಳು. ಈ ಊರಿನ ನವೆಂಬರ್, ಡಿಸೆಂಬರ್ ರಾತ್ರಿಯ ತಂಪಿಗೇ ಫೆಲನಾಪ್ಸಿಸ್ ಹೂದಂಟು ಹೊರಡಿಸುತ್ತದೆ, ಫೆಬ್ರವರಿ ಮಾರ್ಚಿಗೆ ಹೂ. ಈ ಪತ್ರ ಬರೆಯುವ ಹೊತ್ತಿಗೂ ನನ್ನ ಬಾಲ್ಕನಿಯಲ್ಲಿ ನಾಲ್ಕು ಕುಂಡ ಅರಳಿವೆ, ಫೋಟೋ 16. ಕಷ್ಟ ಇರುವುದು ಬೇಸಿಗೆಯ ಒಣಹವೆಯಲ್ಲಿ. ಮಧ್ಯಾಹ್ನ ನನ್ನ ಮೀಟರಿನಲ್ಲಿ ಗಾಳಿಯ ತೇವಾಂಶ ಶೇಕಡಾ 28ಕ್ಕೆ ಇಳಿಯುತ್ತದೆ. ಅದಕ್ಕೆ ಟ್ರೇಯಲ್ಲಿ ಬೆಣಚುಕಲ್ಲು ಹಾಕಿ ನೀರು ನಿಲ್ಲಿಸಿ ಮೇಲೆ ಕುಂಡ ಇಡುತ್ತೇನೆ, ಬುಡ ನೀರಿಗೆ ತಾಗದ ಹಾಗೆ. ಇನ್ನು ನೀರಿನ ಮಾತು. ನಮ್ಮ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬೆರೆಯುತ್ತವೆ, ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತದೆ. ಆ ಉಪ್ಪು ಆರ್ಕಿಡ್ ಬೇರಿನ ತುದಿ ಸುಡುತ್ತದೆ ಎಂದು ನನಗೂ ಗೊತ್ತು. ಹಾಗಾಗಿ ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರು, ಅದು ಮುಗಿದ ಮೇಲೆ ಆರ್‌ಓ ನೀರು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಾಗಿದ್ದಾಗಲೂ ಅಕ್ಕಿ ತೊಳೆಯುವ ನೀರಲ್ಲಿ ಮಲ್ಲಿಗೆ ಗಿಡ ಉಳಿಸಿಕೊಂಡು, ದಿನಕ್ಕೆ ಎರಡು ಲೋಟ ಆರ್‌ಓ ನೀರಲ್ಲಿ ಆರ್ಕಿಡ್ ಉಳಿಸಿಕೊಂಡವಳು ನಾನು. ನೀರು ಹಾಕುವುದು ಹೇಗೆ ಅಂತ ನಿಮ್ಮ ಚಾಟ್ ಯಂತ್ರ ನನಗೆ ಹೇಳಿಕೊಡಬೇಕಾಗಿಲ್ಲ.

ಹೇಳಿಕೊಡುವ ಮಾತು ಬಂದದ್ದರಿಂದ ನಿಮ್ಮ ಡಬ್ಬಿಯಲ್ಲಿದ್ದ ಆರೈಕೆ ಚೀಟಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಅದರ ಮೇಲಿರುವುದು ಗುಲಾಬಿ ಚಿತ್ರ. ‘ಕೆಂಪು ಮಣ್ಣು ಎರಡು ಭಾಗ, ಕೊಟ್ಟಿಗೆ ಗೊಬ್ಬರ ಒಂದು ಭಾಗ, ಪೂರ್ಣ ಬಿಸಿಲು, ದಿನಕ್ಕೆರಡು ಸಲ ನೀರು.’ ಗುಲಾಬಿಗೆ ಅದು ಸರಿಯೋ ತಪ್ಪೋ, ಆರ್ಕಿಡ್‌ಗಂತೂ ಅದು ಮರಣಶಾಸನ. ಮಣ್ಣಿನಲ್ಲಿ ಹೂತರೆ ಆ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಬೇಕಾದ್ದು ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು. ಒಮ್ಮೆ ಚೆನ್ನಾಗಿ ನೆನೆಸಿ, ಒಣಗುತ್ತ ಬಂದ ಮೇಲೆ ಇನ್ನೊಮ್ಮೆ. ಫೆಲನಾಪ್ಸಿಸ್‌ನ ಎಲೆಗಳ ನಡುವಿನ ಸುಳಿಯಲ್ಲಿ ರಾತ್ರಿ ನೀರು ನಿಂತರೂ ಸಾಕು, ಸುಳಿ ಕೊಳೆಯುತ್ತದೆ. ಅದಕ್ಕೆ ಬೆಳೆಯುವ ತುದಿ ಅದೊಂದೇ. ಇಷ್ಟನ್ನು ಬರೆಯಲು ಪುಟ್ಟ ಚೀಟಿಯ ಅರ್ಧವೂ ಬೇಡ.

ಟ್ವಿಂಕಲ್ ವಿಷಯ ಬೇಗ ಮುಗಿಸುತ್ತೇನೆ. ಬದುಕಿದೆ. ಆದರೆ ‘ಹೂ ಬಿಡುವ ಗಾತ್ರ’ ಅಂದಿದ್ದಿರಿ, ಬಂದದ್ದು ಹುಣಸೆ ಬೀಜದಷ್ಟು ಬಲ್ಬ್ (ಎಲೆಯ ಬುಡದ ಉಬ್ಬು) ಎರಡು ಇರುವ ಮರಿ. ಹೂವಿಗೆ ಇನ್ನೂ ಎರಡು ವರ್ಷವಾದರೂ ಬೇಕು. ಮರಿ ಎಂದೇ ಮಾರಿ, ಮರಿಯ ಬೆಲೆ ತೆಗೆದುಕೊಳ್ಳಿ, ಬೇಡ ಅಂದವರಾರು?

ನನ್ನನ್ನು ಹೆಚ್ಚು ಕಾಡಿದ್ದು ಲಿಂಡ್ಲೆಯಿ. ಹಳಬರು ಇದನ್ನು ಅಗ್ರಿಗೇಟಮ್ ಎಂದೇ ಕರೆಯುತ್ತಾರೆ. ನಮ್ಮ ಈಶಾನ್ಯ ರಾಜ್ಯಗಳಿಂದ ಬರ್ಮಾ, ಥಾಯ್ಲೆಂಡ್ ಕಡೆಗೆ ಮರಗಳ ಮೇಲೆ ಬೆಳೆಯುವ ಜಾತಿ, ಚಳಿಗಾಲದಲ್ಲಿ ನೀರು ಹಾಕುವುದನ್ನು ಕಡಿಮೆ ಮಾಡಿದರೆ ಬೇಸಿಗೆಯ ಹೊತ್ತಿಗೆ ಹಳದಿ ಗೊಂಚಲು ಇಳಿಬಿಡುತ್ತದೆ. ನೀವು ಕಳಿಸಿದ ಸಸಿಯ ಬುಡಕ್ಕೆ ಅಂಗೈ ಅಗಲದ ಮರದ ತೊಗಟೆ ಅಂಟಿಕೊಂಡಿತ್ತು. ಬೇರುಗಳನ್ನು ಕತ್ತಿಯಿಂದ ಎಬ್ಬಿಸಿದ ಹಾಗೆ ಒಂದೇ ಮಟ್ಟಕ್ಕೆ ಕತ್ತರಿಸಲಾಗಿತ್ತು. ಎಲೆ ಮೇಲೆ ಕಲ್ಲುಹೂವಿನ ಚುಕ್ಕೆ, ಹುಳು ತಿಂದ ಹಳೆಯ ಗಾಯ. ನರ್ಸರಿಯ ನೆರಳಲ್ಲಿ ಬೆಳೆದ ಸಸಿ ಹೀಗಿರುವುದಿಲ್ಲ. ಪಕ್ಕದ ಮನೆಯ ಅಜ್ಜಿ ಮಲೆನಾಡಿನವರು. ನನ್ನ ಗಿಡಗಳನ್ನು ಕಂಡಾಗಲೆಲ್ಲ ‘ಇದೇನವ್ವ ಬಂದಣಿಕೆ ಸಾಕ್ತೀಯ’ ಎಂದು ನಗುವವರು. (ಬಂದಣಿಕೆ ಮರದ ರಸ ಹೀರುತ್ತದೆ, ಆರ್ಕಿಡ್ ಬರೀ ಆಸರೆ ಪಡೆಯುತ್ತದೆ ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.) ಇದನ್ನು ನೋಡಿ ಮಾತ್ರ ಅವರು ನಗಲಿಲ್ಲ. ‘ಮರದಿಂದ ಕಿತ್ತದ್ದು ಕಣವ್ವ ಇದು’ ಅಂದರು.

ನನಗಿರುವುದು ಅನುಮಾನ, ನಿಮ್ಮ ಹತ್ತಿರ ದಾಖಲೆ ಇರಬೇಕು. ಆರ್ಕಿಡ್ ಬೀಜಕ್ಕೆ ಶಿಲೀಂಧ್ರದ ನೆರವಿಲ್ಲದೆ ಗಾಜಿನ ಸೀಸೆಯಲ್ಲಿ ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯ ಜೆಲ್ಲಿ) ಮೇಲೆ ಮೊಳಕೆ ಬರಿಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲೇ ತೋರಿಸಿಕೊಟ್ಟ. ನೂರು ವರ್ಷ ದಾಟಿದ ಮೇಲೂ ಕಾಡಿನ ಮರ ಕೆರೆದು ಮಾರುವ ದರ್ದು ಯಾರಿಗೂ ಇರಬಾರದು. ಇಡೀ ಆರ್ಕಿಡ್ ಕುಟುಂಬವೇ ಸೈಟಿಸ್ (ಅಪಾಯದಲ್ಲಿರುವ ಕಾಡು ಪ್ರಾಣಿ, ಸಸ್ಯಗಳ ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಪಟ್ಟಿಗಳಲ್ಲಿದೆ. ನೀಲಿ ವಾಂಡಾ, ಲೇಡೀಸ್ ಸ್ಲಿಪ್ಪರ್‌ನಂಥ ಆರ್ಕಿಡ್‌ಗಳಿಗೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ರಕ್ಷಣೆ ಇದೆ. ಈ ಲಿಂಡ್ಲೆಯಿ ಯಾವ ನರ್ಸರಿಯಲ್ಲಿ, ಹೇಗೆ ಬೆಳೆದದ್ದು ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ.

ಮೂರನೇ ಸಲದ ಉತ್ತರದಲ್ಲಿ ‘ಜೀವಂತ ಸಸಿಗಳಿಗೆ ಮರುಪಾವತಿ ಇಲ್ಲ, ಡಬ್ಬಿ ಬಿಚ್ಚುವ ವಿಡಿಯೋ ಕಡ್ಡಾಯ’ ಎಂದು ಹೇಳಿ 15 ಪರ್ಸೆಂಟ್ ಕೂಪನ್ ಕೊಟ್ಟಿದ್ದೀರಿ. ಒಂದು ಕೈಯಲ್ಲಿ ಕತ್ತರಿ, ಒಂದು ಕೈಯಲ್ಲಿ ಡಬ್ಬಿ ಇರುವಾಗ ವಿಡಿಯೋ ತೆಗೆಯಲು ಮೂರನೇ ಕೈ ನನಗಿಲ್ಲ. ಆರ್ಡರ್ ಮಾಡುವಾಗ ಈ ಷರತ್ತು ನನ್ನ ಕಣ್ಣಿಗೆ ಬಿದ್ದಿರಲೂ ಇಲ್ಲ. ಬಿಲ್ಲಿನ ಹಿಂಬದಿಯಲ್ಲಿ ಸಾಸಿವೆ ಅಕ್ಷರದಲ್ಲಿದೆ. ಕೆಟ್ಟ ಸರಕನ್ನು ವಾಪಸ್ ತೆಗೆದುಕೊಳ್ಳದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೂಪನ್ ಬೇಡ. ಅದರಲ್ಲಿ ಇನ್ನೊಂದು ಕೊಳೆತ ಸಸಿ ತರಿಸಿಕೊಳ್ಳಲೇ?

ನಾನು ಕೇಳುವುದು ಇಷ್ಟೇ. ಸತ್ತ ಎರಡು ಫೆಲನಾಪ್ಸಿಸ್‌ಗೆ ₹1,040, ಟ್ವಿಂಕಲ್‌ಗೆ ₹450, ಲಿಂಡ್ಲೆಯಿಗೆ ₹650, ಸಾಗಣೆಯ ₹180, ಒಟ್ಟು ₹2,320 ನನ್ನ ಖಾತೆಗೆ ಬರಬೇಕು. ಟ್ವಿಂಕಲ್, ಲಿಂಡ್ಲೆಯಿ ಎರಡನ್ನೂ ನೀವೇ ಬಂದು ಒಯ್ಯಬಹುದು. ಮೂರನೇ ಫೆಲನಾಪ್ಸಿಸ್‌ನ ದುಡ್ಡು ನಾನು ಕೇಳುತ್ತಿಲ್ಲ. ಅದರಲ್ಲಿ ಎರಡು ಬೇರು ಗಟ್ಟಿ ಇದ್ದವು. ಕೊಳೆತದ್ದನ್ನು ಕತ್ತರಿಸಿ, ಗಾಯಕ್ಕೆ ಚಕ್ಕೆ ಪುಡಿ ಹಚ್ಚಿ, ಒಂದು ದಿನ ಒಣಗಲು ಬಿಟ್ಟು ಪಾರದರ್ಶಕ ಲೋಟದಲ್ಲಿ ಇದ್ದಿಲಿನ ಮೇಲೆ ಕೂರಿಸಿದ್ದೇನೆ. ನಿನ್ನೆ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಮೊನೆ ಕಂಡಿದೆ, ಬೇರೇ ಇರಬೇಕು. ಅದು ನನ್ನಲ್ಲೇ ಇರಲಿ. ಇದರ ಜೊತೆಗೆ ಆ ಗುಲಾಬಿ ಚೀಟಿಯನ್ನು ಆರ್ಕಿಡ್ ಡಬ್ಬಿಗಳಿಂದ ತೆಗೆಸಿ. ಸಸಿಯನ್ನು ಕಳಿಸುವ ಮೊದಲು ಎರಡು ದಿನ ನೀರು ನಿಲ್ಲಿಸಿ, ಒಣ ಕಾಗದದಲ್ಲಿ ಸುತ್ತಿ, ಡಬ್ಬಿಗೆ ತೂತು ಹೊಡೆಸಿ. ಬೇರು ಒಣಗಿದ್ದರೆ ಫೆಲನಾಪ್ಸಿಸ್ ಒಂದು ವಾರದ ಪ್ರಯಾಣ ತಡೆಯುತ್ತದೆ. ತಡೆಯದೆ ಇರುವುದು ಒದ್ದೆ, ಬಿಸಿ, ಕಟ್ಟಿದ ಬಾಯಿ ಮೂರೂ ಸೇರಿದಾಗ.

ಇ-ವಾಣಿಜ್ಯದ 2020ರ ನಿಯಮಗಳ ಪ್ರಕಾರ ನೀವು 48 ಗಂಟೆಯೊಳಗೆ ಈ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಯವರೆಗೆ ಕಾಯುತ್ತೇನೆ. ಆಗದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದೊಳಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ, ನಾನಿರುವ ಊರಿನಲ್ಲೇ ದಾಖಲಿಸಬಹುದು. ನಿವೃತ್ತಿಯಾದವಳು, ಓಡಾಡಲು ನನಗೆ ಸಮಯವಿದೆ.

ಕೊಳೆತ ಬೇರು, ಸ್ಪಂಜಿನ ಉಂಡೆ, ತೊಗಟೆ ಮೂರನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತರಕಾರಿ ಟ್ರೇಯಲ್ಲಿ ಇಟ್ಟಿದ್ದೇನೆ. ಪರೀಕ್ಷಿಸಲು ಯಾರನ್ನಾದರೂ ಕಳಿಸುವುದಿದ್ದರೆ ಸಂಜೆ ಐದರ ಮೇಲೆ ಕಳಿಸಿ. ಸ್ವಲ್ಪ ಬೇಗ ಕಳಿಸಿ. ಕೊತ್ತಂಬರಿ ಸೊಪ್ಪಿಗೆ ಜಾಗವಿಲ್ಲ ಎಂದು ಮನೆಯವರು ದಿನಾ ಗೊಣಗುತ್ತಿದ್ದಾರೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ಲು, ಟ್ರ್ಯಾಕಿಂಗ್ ವಿವರ, ಚಾಟ್ ಪ್ರತಿ, ಆರೈಕೆ ಚೀಟಿ, 17 ಫೋಟೋ