ಬೆಟ್ಟವೇ ದೇವರಾಗಿರುವಲ್ಲಿ

ಮಾನ್ಯ ಸಂಪಾದಕರೇ,

ಜಪಾನಿನ ನಾರಾ ಪ್ರಾಂತ್ಯದ ಓಮಿವಾ ಎಂಬ ಶಿಂಟೋ (ಅಲ್ಲಿನ ಸಾಂಪ್ರದಾಯಿಕ ಧರ್ಮ) ದೇಗುಲಕ್ಕೆ ಹೋಗುವವರು ಗರ್ಭಗುಡಿ ಹುಡುಕಬೇಡಿ, ಅಲ್ಲಿ ಅದು ಇಲ್ಲ. 467 ಮೀಟರ್ ಎತ್ತರದ ಮಿವಾ ಬೆಟ್ಟವೇ ದೇವರು. 1664ರಲ್ಲಿ ಮರುನಿರ್ಮಿಸಿದ ಪ್ರಾರ್ಥನಾ ಮಂಟಪದ ಮುಂದೆ ನಿಂತು ಬೆಟ್ಟಕ್ಕೇ ನಮಿಸುವುದು.

ಹೆಚ್ಚಿನವರು ಎಡವುವುದು ನಮಿಸುವ ಮೊದಲು ನೀರಿನ ತೊಟ್ಟಿಯ ಬಳಿ ಕೈ ತೊಳೆದು ಶುದ್ಧರಾಗುವಾಗ. ಸೌಟಿನ ತುಂಬ ಒಮ್ಮೆ ಮಾತ್ರ ನೀರು ತೆಗೆಯಬೇಕು. ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಎಡ ಬೊಗಸೆಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ, ಮತ್ತೆ ಎಡಗೈ ತೊಳೆಯಬೇಕು. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಅದರ ಹಿಡಿಕೆಯ ಮೇಲೆ ಹರಿದು ಅದೂ ಶುದ್ಧ. ಮೊದಲೇ ನೀರು ಸುರಿದುಬಿಟ್ಟರೆ ಹಿಡಿಕೆಗೆ ಏನೂ ಉಳಿಯದು. ಸೌಟಿಗೆ ಬಾಯಿ ಹಚ್ಚುವುದು, ತೊಳೆದ ನೀರನ್ನು ತೊಟ್ಟಿಗೇ ಬಿಡುವುದು ಖಂಡಿತ ಸಲ್ಲದು. ಮಂಟಪದೆದುರು ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು.

ಹತ್ತಿರದ ಹಳೆಯ ಸುಗಿ (ಜಪಾನಿ ದೇವದಾರು) ಮರವನ್ನು ತಪ್ಪದೆ ನೋಡಿ. ದೇವರು ಹಾವಿನ ರೂಪದಲ್ಲಿ ಅಲ್ಲಿ ನೆಲೆಸಿದ್ದಾನೆಂದು ಭಕ್ತರು ಅದರ ಮುಂದೆ ಕೋಳಿಮೊಟ್ಟೆ, ‘ಸಾಕೆ’ ಎಂಬ ಅಕ್ಕಿಯ ಮದ್ಯ ಇಡುತ್ತಾರೆ.

ಬೆಟ್ಟ ಹತ್ತಲು ಪಕ್ಕದ ‘ಸಾಯಿ’ ಎಂಬ ಶಿಂಟೋ ದೇಗುಲದಲ್ಲಿ ಹೆಸರು ಬರೆಸಿ, 300 ಯೆನ್ ಕೊಟ್ಟು, ಗೆಜ್ಜೆ ಕಟ್ಟಿದ ಬಿಳಿ ಪಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು. ಹೋಗಿ ಬರಲು ಸುಮಾರು ಎರಡು ಗಂಟೆ ಬೇಕು. ಹೆಸರು ಬರೆಸುವುದು ಮಧ್ಯಾಹ್ನದೊಳಗೇ ಮುಗಿಯುತ್ತದೆ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಮೇಲೆ ಫೋಟೊ, ಊಟ ಎರಡೂ ನಿಷಿದ್ಧ. ಮೊಬೈಲನ್ನು ಚೀಲದಲ್ಲೇ ಇಡಿ, ದಯವಿಟ್ಟು.

ಇಂತಿ,
ಓರ್ವ ಓದುಗ